ಕೋಟೆಯನ್ನು ಅರ್ಧಕ್ಕೆ ಬಿಟ್ಟಿದ್ದೀರಿ

ಪ್ರಿಯರೇ,

ಶಿರಾದಿಂದ ನೀವು ಕಳಿಸಿದ ‘ಇನ್ನು ಸೂಜಿ ಬೇಡ’ ಲೇಖನವನ್ನು ಎರಡು ಸಲ ಓದಿದೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ಪೊರೆ ಹೊದಿಸಿ ಮೈಯೊಳಗೆ ಇಟ್ಟರೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚುಮದ್ದೇ ಬೇಡ ಎನ್ನುತ್ತೀರಿ. ತುಮಕೂರಿನ ನಮ್ಮ ಪುಟ್ಟ ಮಾಸಿಕದಲ್ಲಿ ಇದನ್ನು ಹೀಗೆಯೇ ಅಚ್ಚು ಹಾಕಲಾರೆ. ಹಾಗೆಂದು ಪಕ್ಕಕ್ಕೂ ಇಟ್ಟಿಲ್ಲ. ಅದಕ್ಕೆ ಕಾರಣ ನಾಲ್ಕನೆಯ ಪುಟದಲ್ಲಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಶೀರ್ಷಿಕೆ. ನೀವು ಔಷಧಿ ಅಂಗಡಿ ನಡೆಸುವವರು. ಇದನ್ನು ನಂಬಿದ ತಾಯಿಯೊಬ್ಬಳು ಮಗನಿಗೆ ಎರಡು ದಿನ ಇನ್ಸುಲಿನ್ ತಪ್ಪಿಸಿದರೆ ಏನಾಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜೊತೆಗೆ ಸಕ್ಕರೆ ಕಾಯಿಲೆಯವರನ್ನೆಲ್ಲ ಒಂದೇ ಗೂಟಕ್ಕೆ ಕಟ್ಟಿದ್ದೀರಿ. ಈ ಪ್ರಯೋಗಗಳು ಮುಖ್ಯವಾಗಿ ಟೈಪ್ 1 ಇರುವವರಿಗಾಗಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕಿರುವವರಿಗಾಗಿ ನಡೆದಿವೆ. ಐವತ್ತು ದಾಟಿದ ಮೇಲೆ ಮಾತ್ರೆ ಶುರು ಮಾಡಿದ ನನ್ನಂಥವರಿಗಲ್ಲ.

ಇನ್ನು ‘ಕ್ಯಾಪ್ಸೂಲ್’ ಎಂಬ ಮಾತು. ಅದನ್ನು ಓದಿದ ನಮ್ಮ ಓದುಗರು ನುಂಗಲು ನೀರು ತರುತ್ತಾರೆ! ಎರಡನೆಯ ಪುಟದಲ್ಲಿ ಅದನ್ನೇ ‘ಆವರಣೀಕೃತ ಕೋಶಪ್ರತ್ಯಾರೋಪಣ’ ಎಂದಿದ್ದೀರಿ. ಅದನ್ನು ನುಂಗುವುದು ಇನ್ನೂ ಕಷ್ಟ. ‘ಪೊರೆ ಹೊದಿಸಿದ ಜೀವಕೋಶ’ ಎನ್ನಿ, ಸಾಕು.

ಮಧುಗಿರಿ ಕೋಟೆಯ ಹೋಲಿಕೆ ನನಗೆ ಹಿಡಿಸಿತು. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನ ಪೊರೆಯೇ ಗೋಡೆ. ಅದರ ಸಣ್ಣ ರಂಧ್ರಗಳಲ್ಲಿ ಸಕ್ಕರೆ, ಆಮ್ಲಜನಕ ಒಳಗೆ ಬರುತ್ತವೆ, ಇನ್ಸುಲಿನ್ ಹೊರಗೆ ಹೋಗುತ್ತದೆ, ದಾಳಿಯಿಡುವ ರಕ್ಷಣಾ ಕೋಶಗಳು ಮಾತ್ರ ಹೊರಗೇ ಉಳಿಯುತ್ತವೆ. ಚೆನ್ನಾಗಿದೆ. ಆದರೆ ಕೋಟೆ ಬೀಳುವುದು ಗೋಡೆ ಒಡೆದಾಗ ಮಾತ್ರವೇ? ಮುತ್ತಿಗೆ ಹಾಕಿ ಕುಳಿತರೆ ಒಳಗಿನವರು ಅನ್ನ ನೀರಿಲ್ಲದೆ ಸೋಲುತ್ತಾರೆ. ಇಲ್ಲಿಯೂ ಅದೇ ಆಯಿತು. ಹೊರಗಿನಿಂದ ಬಂದ ವಸ್ತುವೆಂದು ದೇಹ ಪೊರೆಯ ಸುತ್ತ ಗಾಯದ ಕಲೆಯಂಥ ನಾರು ಬೆಳೆಸುತ್ತದೆ, ಆಮ್ಲಜನಕ ಸಿಗದೆ ಒಳಗಿನ ಕೋಶಗಳು ಸಾಯುತ್ತವೆ. ನಿಮ್ಮ ಲೇಖನದ ನಿಜವಾದ ಕಥೆ ಈ ಮುತ್ತಿಗೆ. ನೀವು ಕೋಟೆ ಕಟ್ಟಿ, ಬಾವುಟ ಹಾರಿಸಿ ಎದ್ದುಬಿಟ್ಟಿದ್ದೀರಿ.

1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಪೊರೆ ಹೊದಿಸಿದ ಕೋಶಗಳಿಂದ ಮಧುಮೇಹ ನಿಯಂತ್ರಣಕ್ಕೆ ಬಂತೆಂದು ಬರೆದಿದ್ದೀರಿ. ಬಂದದ್ದು ಇಲಿಗಳಲ್ಲಿ, ಅದೂ ಎರಡು ಮೂರು ವಾರ. ‘ಇಲಿ’ ಎಂಬ ಪದ ನಿಮ್ಮ ಆರು ಪುಟಗಳಲ್ಲಿ ಎಲ್ಲಿಯೂ ಇಲ್ಲ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಏಳು ಮಂದಿ ಇನ್ಸುಲಿನ್ ಬಿಟ್ಟದ್ದು ನಿಜ. ಆದರೆ ಅವರಿಗೆ ಹಾಕಿದ ಕೋಶಗಳಿಗೆ ಪೊರೆಯೇ ಇರಲಿಲ್ಲ. ಸತ್ತ ದಾನಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಕೋಶಗಳನ್ನು ಉಳಿಸಿಕೊಳ್ಳಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ತೆಗೆದುಕೊಳ್ಳುತ್ತಲೇ ಇರಬೇಕಿತ್ತು. ಆ ಔಷಧಿ ತಪ್ಪಲಿ ಎಂದೇ ಪೊರೆಯ ಹುಡುಕಾಟ. ಈ ಒಂದು ವಾಕ್ಯ ಬಿಟ್ಟುಹೋದದ್ದರಿಂದ, ಪೊರೆ ಯಾಕೆ ಬೇಕು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ.

ಈಚಿನದನ್ನೂ ಸೇರಿಸಿ. ಅಮೆರಿಕದ ವರ್ಟೆಕ್ಸ್ ಎಂಬ ಔಷಧಿ ಕಂಪನಿ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೊರೆಯಿಲ್ಲದೆ, ಅದೇ ಬಗೆಯ ಔಷಧಿಯೊಂದಿಗೆ ಕೊಟ್ಟಾಗ, ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಅಂಥ ಕೋಶಗಳನ್ನೇ ರಕ್ಷಣಾ ಸಾಧನದೊಳಗೆ ಇಟ್ಟು ಮಾಡಿದ ಪ್ರಯೋಗವನ್ನು 2025ರ ಮಾರ್ಚ್‌ನಲ್ಲಿ ಕಂಪನಿಯೇ ಕೈಬಿಟ್ಟಿತು. ಸಾಕಷ್ಟು ಇನ್ಸುಲಿನ್ ಹುಟ್ಟಲಿಲ್ಲ. ಇದನ್ನು ಬರೆದರೆ ಲೇಖನ ಮಂಕಾಗುತ್ತದೆಂದು ಹೆದರಬೇಡಿ.

ಈಗ ನಾಲ್ಕನೆಯ ಪುಟ. ಮನೆಯಲ್ಲಿ ಫ್ರಿಜ್ ಇಲ್ಲದ ಹುಡುಗನೊಬ್ಬ ಇನ್ಸುಲಿನ್ ಸೀಸೆಯನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿಡುತ್ತಾನೆ ಎಂದು ಒಂದೇ ಸಾಲು ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಒಂದು ಮಡಕೆಯೋ, ಒಂದರೊಳಗೊಂದೋ, ನಡುವೆ ಒದ್ದೆ ಮರಳಿದೆಯೋ? ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಎಷ್ಟು ಸಲ ನೀರು ಹಾಕುತ್ತಾರೆ, ಯಾರು ಹಾಕುತ್ತಾರೆ? ಹೋಗಿ ನೋಡಿಕೊಂಡು ಬನ್ನಿ. ಹುಡುಗನ ಹೆಸರು ಬೇಡ.

ಆರು ಪುಟವನ್ನು ಮೂರಕ್ಕೆ ಇಳಿಸಿ, ವೈದ್ಯರೊಬ್ಬರಿಗೆ ತೋರಿಸಿ ಕಳಿಸಿ. ಯುಗಾದಿ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ. ಮೂರನೆಯದಕ್ಕೆ ಜಾಹೀರಾತಿನವರೊಂದಿಗೆ ಜಗಳವಾಡುತ್ತೇನೆ.

ಇಂತಿ,
ಸಂಪಾದಕ