ಮೂತ್ರಪಿಂಡ ಬರೀ ಸಾಣಿಗೆಯಲ್ಲ: ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ,

ಸೇಡಂನಿಂದ ನೀವು ಕಳಿಸಿದ ‘ಮೂತ್ರಪಿಂಡ: ದೇಹದ ಸಾಣಿಗೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಆರೋಗ್ಯ ಪುಟಕ್ಕೆ ತೆಗೆದುಕೊಳ್ಳಲಾರೆ. ಮೇ ತಿಂಗಳ ಬಿಸಿಲಲ್ಲಿ ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ದುಡಿಯುವವರಿಂದ ಶುರು ಮಾಡಿದ್ದೀರಿ, ಅದು ತುಂಬ ಒಳ್ಳೆಯದು. ಎರಡನೇ ಪ್ಯಾರಾಕ್ಕೇ ಅವರನ್ನು ಬಿಟ್ಟು ಪಠ್ಯಪುಸ್ತಕದ ಹಾದಿ ಹಿಡಿದಿದ್ದೀರಿ. ಕೊನೆಯವರೆಗೂ ಅವರ ಜೊತೆಗೇ ಇರಿ.

ದಾರಿ ತಪ್ಪಿಸಿದ್ದು ‘ಸಾಣಿಗೆ’ ಎಂಬ ಹೋಲಿಕೆ. ಜೋಳದ ಹಿಟ್ಟು ಕೆಳಗೆ ಬಿದ್ದು ತೌಡು ಮೇಲೆ ಉಳಿದರೆ ಸಾಣಿಗೆಯ ಕೆಲಸ ಮುಗಿಯಿತು. ಮೂತ್ರಪಿಂಡದ ನಿಜವಾದ ಕೆಲಸ ಸೋಸಿದ ಮೇಲೆ ಶುರುವಾಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ, ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು. ಮಿಕ್ಕಿದ್ದೆಲ್ಲ ರಕ್ತಕ್ಕೆ ವಾಪಸ್. ಮೂರರಲ್ಲಿ ಎರಡು ಪಾಲು ನೆಫ್ರಾನಿನ (ಮೂತ್ರಪಿಂಡದಲ್ಲಿ ಸೋಸುವ ಸೂಕ್ಷ್ಮ ಘಟಕದ) ಮೊದಲ ನಳಿಕೆಯಲ್ಲೇ ಹಿಂದಿರುಗುತ್ತದೆ. ಕೊನೆಯ ತೀರ್ಮಾನ ಈ ನಳಿಕೆಗಳ ತುದಿಯಲ್ಲಿರುವ ಸಂಗ್ರಹ ನಾಳದ್ದು. ಬೆವರು ಸುರಿದು ರಕ್ತದ ಉಪ್ಪು ತುಸು ಸಾಂದ್ರವಾದರೂ ಸಾಕು, ಮೆದುಳಿನಿಂದ ನೀರು ಉಳಿಸುವ ಎಡಿಎಚ್ ಹಾರ್ಮೋನು ಹೊರಡುತ್ತದೆ, ಸಂಗ್ರಹ ನಾಳದ ಗೋಡೆ ನೀರನ್ನು ಒಳಗೆಳೆದುಕೊಳ್ಳುತ್ತದೆ, ಮೂತ್ರ ಕಡಿಮೆಯಾಗಿ ಕಡುಹಳದಿಯಾಗುತ್ತದೆ. ಈ ಉಳಿತಾಯಕ್ಕೂ ಮಿತಿ ಇದೆ: ದಿನದ ಕಲ್ಮಶ ಹೊರಹೋಗಲು ಕನಿಷ್ಠ ಅರ್ಧ ಲೀಟರ್ ಮೂತ್ರ ಬೇಕೇ ಬೇಕು. ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದ ಈ ಅಂಕಿಯೇ ನಿಮ್ಮ ಬರಹದಲ್ಲಿಲ್ಲ.

‘ಎಲ್ಲರೂ ದಿನಕ್ಕೆ 5 ಲೀಟರ್ ನೀರು ಕುಡಿಯಿರಿ’ ಎಂಬ ಸಾಲನ್ನು ತೆಗೆಯಲೇಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದನ್ನು ಪಾಲಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇಡೀ ದಿನ ಬೆವರುವವರಿಗೂ ಬರೀ ನೀರು ಸಾಲದು. ಉಪ್ಪು ಬಾರದೆ ನೀರಷ್ಟೇ ವಿಪರೀತ ಸೇರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ಗೊಂದಲ, ಕಡೆಗೆ ಫಿಟ್ಸ್ ಕೂಡ ಬರಬಹುದು. ದುಡಿದು ಬಂದು ಸಂಜೆ ನುಂಗುವ ನೋವಿನ ಗುಳಿಗೆಯ ಮಾತನ್ನೇ ನೀವು ಎತ್ತಿಲ್ಲ. ಮೈಯಲ್ಲಿ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಪ್ರೊಸ್ಟಗ್ಲಾಂಡಿನ್‌ಗಳೆಂಬ ದೇಹದ ರಾಸಾಯನಿಕಗಳು ತೆರೆದಿಟ್ಟಿರುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಅವುಗಳನ್ನೇ ತಡೆಯುತ್ತವೆ, ಆಗ ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾಗುತ್ತದೆ. ಇದಕ್ಕೊಂದು ಪೂರ್ತಿ ಪ್ಯಾರಾ ಕೊಡಿ.

ಆಮ್ಲ-ಕ್ಷಾರದ ಭಾಗವನ್ನು ಹೊಸದಾಗಿಯೇ ಬರೆಯಬೇಕು. ಲಿಂಬೆ ತಿಂದರೆ ರಕ್ತ ಹುಳಿಯಾಗುತ್ತದೆ ಎಂದಿದ್ದೀರಿ, ಹಾಗಾಗುವುದಿಲ್ಲ. ಅದರ ಸಿಟ್ರಿಕ್ ಆಮ್ಲ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಉಸಿರಿನಲ್ಲಿ ಹೋಗುತ್ತದೆ. ಹಾಗೆ ಹೋಗದ ಆಮ್ಲ ಹೆಚ್ಚಾಗಿ ಹುಟ್ಟುವುದು ತೊಗರಿ ಬೇಳೆ, ಮೊಟ್ಟೆ, ಮಾಂಸದ ಪ್ರೊಟೀನಿನಲ್ಲಿರುವ ಗಂಧಕದಿಂದ. ಮೂತ್ರಪಿಂಡ ಅದನ್ನು ಫಾಸ್ಫೇಟ್ ಮತ್ತು ಅಮೋನಿಯಂ ಜೊತೆ ಸಾಗಹಾಕಿ, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಖರ್ಚಾದಷ್ಟು ಹೊಸದಾಗಿ ತಯಾರಿಸುತ್ತದೆ. ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.35ರಿಂದ 7.45ರೊಳಗೆ ನಿಲ್ಲುವುದು ಹೀಗೆ. ಶ್ವಾಸಕೋಶ ನಿಮಿಷಗಳಲ್ಲಿ ಮಾಡುವ ತಿದ್ದುಪಡಿಯನ್ನು ಮೂತ್ರಪಿಂಡ ದಿನಗಟ್ಟಲೆ ತೆಗೆದುಕೊಂಡು ಪೂರ್ಣ ಮಾಡುತ್ತದೆ. ಅಡುಗೆ ಸೋಡಾ ಕುಡಿಯುವ ಸಲಹೆ ಬೇಡ, ಅದರ ಸೋಡಿಯಂ ಬಿಪಿ ಇದ್ದವರಿಗೆ, ಹೃದ್ರೋಗಿಗಳಿಗೆ ಕೆಡುಕು.

ಇನ್ನೊಂದು ಮಾತು. ‘ವಾಂತಿಭೇದಿ’ ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವೆ, ನೀವೂ ಹಾಗೇ ಬರೆದಿದ್ದೀರಿ. ಎರಡೂ ನೀರು ಕಳೆಯುತ್ತವೆ ನಿಜ, ಆದರೆ ಆಮ್ಲ-ಕ್ಷಾರದ ಲೆಕ್ಕದಲ್ಲಿ ತದ್ವಿರುದ್ಧ. ವಾಂತಿಯಲ್ಲಿ ಜಠರದ ಆಮ್ಲ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಭೇದಿಯಲ್ಲಿ ಬೈಕಾರ್ಬನೇಟ್ ಹೋಗಿ ಆಮ್ಲದ ಕಡೆ. ಭೇದಿಗೆ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ ಓಆರ್‌ಎಸ್‌ನಲ್ಲಿ ಲೀಟರಿಗೆ 2.9 ಗ್ರಾಂ ಸಿಟ್ರೇಟ್ ಲವಣ ಇರುವುದು ಈ ನಷ್ಟ ತುಂಬಲು, ಅದು ದೇಹದಲ್ಲಿ ಬೈಕಾರ್ಬನೇಟ್ ಆಗುತ್ತದೆ. ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸಿದರೆ ದ್ರಾವಣ ಗಟ್ಟಿಯಾಗಿ ಕರುಳಿಗೆ ಇನ್ನಷ್ಟು ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ ಎಂಬುದನ್ನೂ ಸೇರಿಸಿ.

700 ಪದ ಮೀರದಂತೆ ತಿದ್ದಿ, ಬೇಸಿಗೆಗೆ ಮೊದಲೇ ಕಳಿಸಿ. ಶೀರ್ಷಿಕೆಯನ್ನು ಆಮೇಲೆ ಕೂಡಿ ನೋಡೋಣ.

ಸಂಪಾದಕ, ಕಲಬುರಗಿ