ಓವನ್‌ನಲ್ಲಿ ಕಲ್ಲಿದ್ದಲು ಬೇಡ, ಈ ಪ್ರಯೋಗ ಮಾಡಿಸಿ

ಮೇಡಂ, ಮಗಳು ವಿಜ್ಞಾನ ಮೇಳಕ್ಕೆ ಕಲ್ಲಿದ್ದಲನ್ನು ಮೈಕ್ರೋವೇವ್ ಓವನ್‌ನಲ್ಲಿಟ್ಟು ಮೀಥೇನ್ ಅನ್ನೋ ಉರಿಯುವ ಗ್ಯಾಸ್ ಬರಿಸಿ ತೋರಿಸ್ತೀನಿ ಅಂತಿದ್ದಾಳೆ, ಮಾಡಬಹುದಾ ಅಂತ ಕೇಳಿದ್ದೀರಿ. ಓವನ್‌ನಲ್ಲಿ ಖಂಡಿತ ಬೇಡ. ವಿಷಯ ಮಾತ್ರ ತುಂಬಾ ಚೆನ್ನಾಗಿದೆ, ಕೈಬಿಡಬೇಡಿ.

ಕಲ್ಲಿದ್ದಲಿನ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ. ಮೀಥೇನ್ ಅವುಗಳ ಗೋಡೆಗೆ ಅಂಟಿಕೊಂಡಿರುತ್ತದೆ. ನೆಲದಡಿಯ ಒತ್ತಡ ಇಳಿದರೆ ಅಥವಾ ಬಿಸಿ ಏರಿದರೆ ಬಿಟ್ಟುಕೊಳ್ಳುತ್ತದೆ. ಮೈಕ್ರೋವೇವ್ ಮಾಡುವುದು ಮುಖ್ಯವಾಗಿ ಈ ಬಿಸಿಯ ಕೆಲಸ. ಮೀಥೇನ್ ಅಣುವಿಗೆ ಪ್ಲಸ್, ಮೈನಸ್ ತುದಿಗಳಿಲ್ಲ, ಹಾಗಾಗಿ ಅಲೆ ಅದನ್ನು ನೇರವಾಗಿ ಕಾಯಿಸುವುದಿಲ್ಲ. ನೀರಿಗೆ ಆ ತುದಿಗಳಿವೆ. ಕಲ್ಲಿದ್ದಲೊಳಗಿನ ತೇವ ಬೇಗ ಕಾಯುತ್ತದೆ, ಆವಿಯಾಗಿ ಒಳಗಿಂದಲೇ ಒತ್ತಿ ಬಿರುಕು ಬಿಡಿಸುತ್ತದೆ. ಗ್ಯಾಸ್‌ಗೆ ದಾರಿ ಸಿಗುತ್ತದೆ. ಗಣಿಯ ಗ್ಯಾಸನ್ನು ಅಗೆಯುವ ಮೊದಲೇ ಹೊರತೆಗೆಯಲು ಇದು ನೆರವಾದೀತಾ ಅಂತ ಸಂಶೋಧಕರು ನೋಡುತ್ತಿದ್ದಾರೆ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಗಣಿ ಕೆಲಸದವರ ಜೀವದ ಪ್ರಶ್ನೆ ಇದು.

ಮನೆಯ ಓವನ್‌ನಲ್ಲಿ ಬಿಸಿ ಒಂದೇ ಸಮ ಆಗಲ್ಲ. ಎಲ್ಲೋ ಒಂದು ಕಡೆ ಸುಟ್ಟು ಕರಕಲಾದರೆ ಆ ಜಾಗ ಅಲೆಯನ್ನು ಇನ್ನೂ ಜಾಸ್ತಿ ಹೀರಿ ಕೆಂಡವಾಗುತ್ತದೆ. ಹೊಗೆ, ಟಾರು, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಅಡುಗೆಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ. ಅಷ್ಟಕ್ಕೂ ಗಣಿಯಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಕಲ್ಲಿದ್ದಲಿನ ಬಹುಪಾಲು ಮೀಥೇನ್ ಹೋಗಿಬಿಟ್ಟಿರುತ್ತದೆ. ಇಸ್ತ್ರಿ ಅಂಗಡಿಯ ಇದ್ದಿಲಂತೂ ಮರ ಸುಟ್ಟು ಮಾಡಿದ್ದು, ಅದರಲ್ಲಿ ಗಣಿ ಗ್ಯಾಸ್ ಇರುವುದೇ ಇಲ್ಲ.

ಬದಲಿಗೆ ಅಕ್ವೇರಿಯಂ ಅಂಗಡಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸಣ್ಣ ತೂತುಗಳೇ ತುಂಬಿದ ಇದ್ದಿಲಿನ ಹರಳು, ತನ್ನಿ. ನೀರನ್ನು ಕುದಿಸಿ ಆರಿಸಿ, ಕರಗಿದ ಗಾಳಿ ಹೋಗಲಿ. ಮೂರು ಗಾಜಿನ ಲೋಟ ಇಡಿ. ಒಂದಕ್ಕೆ ತಣ್ಣೀರು, ಎರಡಕ್ಕೆ ಕೈ ತಡೆಯುವಷ್ಟು ಬಿಸಿನೀರು. ತಣ್ಣೀರಿಗೂ ಬಿಸಿನೀರಿನ ಒಂದು ಲೋಟಕ್ಕೂ ಒಂದೊಂದು ಚಮಚ ಒಣ ಕಾರ್ಬನ್ ಹಾಕಲಿ. ಇನ್ನೊಂದು ಲೋಟ ಬರೀ ಬಿಸಿನೀರು, ಹೋಲಿಸಿ ನೋಡಲು. ಕಾರ್ಬನ್ ಬಿದ್ದ ತಕ್ಷಣ ಚುಯ್ ಅಂತ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ತೂತಿನೊಳಗಿದ್ದ ಗಾಳಿ ಅದು. ಯಾವ ಲೋಟದಲ್ಲಿ ಜೋರು ಅಂತ ಮಗಳೇ ನೋಡಿ ಬರೆದುಕೊಳ್ಳಲಿ. ಇಲ್ಲಿ ನೀರು ನುಗ್ಗಿ ಗಾಳಿಯನ್ನು ತಳ್ಳುತ್ತದೆ, ಗಣಿಯಲ್ಲಿ ಆಗುವುದು ಇದೇ ಅಲ್ಲ, ಅಲ್ಲಿ ಒತ್ತಡ ಇಳಿದು ಗ್ಯಾಸ್ ಬಿಟ್ಟುಕೊಳ್ಳುತ್ತದೆ. ಅದನ್ನೂ ಚಾರ್ಟಿನಲ್ಲಿ ಬರೆಸಿ, ತೀರ್ಪುಗಾರರು ಕೇಳೇ ಕೇಳುತ್ತಾರೆ.

ಮೊಬೈಲ್ ಟವರ್‌ನ ಅಲೆಯಿಂದಲೂ ಹೀಗೆ ಬಿಸಿಯಾಗುತ್ತಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಇಲ್ಲ. ನಮ್ಮ ಮನೆವರೆಗೆ ಬರುವ ಶಕ್ತಿ ಏನನ್ನೂ ಕಾಯಿಸುವಷ್ಟಿರಲ್ಲ.

ಅಂಗಡಿಯಲ್ಲಿ ಪುಡಿ ಕೊಟ್ಟರೆ ಬೇಡ ಅನ್ನಿ, ನೀರು ಕಪ್ಪಾಗಿ ಗುಳ್ಳೆ ಕಾಣಲ್ಲ. ಹರಳೇ ಕೇಳಿ.