ಸಾಲ ಯಾರ ಹೆಸರಲ್ಲಿದೆ?

ಅರಕಲಗೂಡು ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಪ್ಪ ಪ್ರತಿ ವರ್ಷವೂ ಜ್ಯೋತಿ ಆಲೂಗಡ್ಡೆಯನ್ನೇ ಬಿತ್ತುತ್ತಾರೆ. ಅಂಗಮಾರಿ ರೋಗ ಬಂದು ಹಾಳಾದರೂ ಮತ್ತೆ ಅದೇ. ಹಿಮಾಲಿನಿ ತಳಿ ಹಾಕೋಣ ಅಂದರೆ 'ನಿನಗೇನು ಗೊತ್ತು, ಸುಮ್ನಿರು' ಅಂತಾರೆ. ನಮ್ಮ ಜನಕ್ಕೆ ಹೊಸದು ಅಂದರೆ ಯಾಕಿಷ್ಟು ಭಯ? ದಯವಿಟ್ಟು ಹೆಸರು ಹಾಕಬೇಡಿ, ಅಪ್ಪ ನಿಮ್ಮ ಪತ್ರಿಕೆ ಓದುತ್ತಾರೆ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಅಪ್ಪ ಓದುತ್ತಾರೆ ಅಂದಿರಲ್ಲ, ಅದು ಸಂತೋಷ. ಈ ಉತ್ತರ ಅವರ ಪರವಾಗಿಯೇ ಇದೆ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಜ್ಯೋತಿಗೆ ಈಗ ಅಂಗಮಾರಿ ತಡೆಯುವ ಶಕ್ತಿ ಉಳಿದಿಲ್ಲ. ಹಿಮಾಲಿನಿ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹಠಮಾರಿ ಅಪ್ಪಂದಿರೂ ಲೋಕದಲ್ಲಿ ಇದ್ದಾರೆ, ಒಪ್ಪಿದೆ.

ಆದರೆ ಕುಫ್ರಿ ಜ್ಯೋತಿ ಅಜ್ಜನ ಕಾಲದ ನಾಟಿ ತಳಿ ಅಂದುಕೊಂಡಿರಾ? ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದನ್ನು ಬಿಡುಗಡೆ ಮಾಡಿದ್ದು 1968ರಲ್ಲಿ. ಅಂಗಮಾರಿಗೆ ಜಗ್ಗುವುದಿಲ್ಲ ಅನ್ನುವುದೇ ಆಗ ಅದರ ಹೆಗ್ಗಳಿಕೆ. ರೋಗಾಣು ಬದಲಾಗುತ್ತಾ ಹೋಯಿತು, ತಳಿ ಸೋತಿತು. ನೀವು ಇವತ್ತು ಹಿಮಾಲಿನಿ ಬಗ್ಗೆ ಹೇಳುವ ಮಾತನ್ನು ಹಿಂದೆ ಯಾರೋ ಜ್ಯೋತಿ ಬಗ್ಗೆಯೂ ಹೇಳಿದ್ದರು. ನಂಬಿ ಬಿತ್ತಿದವರು ನಿಮ್ಮ ಹಿರಿಯರೇ. ಅಷ್ಟೇಕೆ, ಆಲೂಗಡ್ಡೆಯೇ ದಕ್ಷಿಣ ಅಮೆರಿಕದಿಂದ ಬಂದದ್ದು. ಜರ್ಮನಿಯ ಪ್ರಷ್ಯಾ ರಾಜ್ಯದಲ್ಲಿ ಅದನ್ನು ಬೆಳೆಸಲು ರಾಜ ಫ್ರೆಡ್ರಿಕ್ 1756ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಹಾಸನದವರು ಅದನ್ನು ಜಿಲ್ಲೆಯ ಗುರುತೇ ಮಾಡಿಕೊಂಡರು. ಹೊಸದಕ್ಕೆ ಹೆದರುವ ಜನ ಹೀಗೆ ಮಾಡುತ್ತಾರಾ?

ರಾಗಿಯ ಕಥೆಯನ್ನೂ ನೋಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತರು ಅವನ್ನು ಹೊಲಕ್ಕೆ ತಂದರು. ತಂದವರ ಬಾಯಲ್ಲಿ ಲಕ್ಷ್ಮಣಯ್ಯನವರು 'ರಾಗಿ ಲಕ್ಷ್ಮಣಯ್ಯ'ನೇ ಆದರು. ಭಾಷಣ ಕೇಳಿ ಒಪ್ಪಿದ್ದಲ್ಲ. ರಾಗಿಗೆ ಎಕರೆಗೆ ನಾಲ್ಕೈದು ಕೆಜಿ ಬೀಜ ಸಾಕು. ಹೋದರೆ ಹೋಯಿತು ಅನ್ನಬಹುದು.

ಆಲೂಗಡ್ಡೆಗೆ ಹಾಗೆ ಅನ್ನೋಕಾಗಲ್ಲ. ಎಕರೆಗೆ ಕ್ವಿಂಟಾಲ್‌ಗಟ್ಟಲೆ ಬಿತ್ತನೆ ಗಡ್ಡೆ ಬೇಕು. ಮುಂಗಾರಿಗೆ ಮುಂಚೆ ಪಂಜಾಬಿನ ಜಲಂಧರ್‌ನಿಂದ ಗಡ್ಡೆಯ ಲಾರಿಗಳು ಬರುತ್ತವೆ. ಹಾಸನದ ಎಪಿಎಂಸಿಯಲ್ಲಿ ಅವತ್ತಿನ ರೇಟು ಎಷ್ಟೋ ಅಷ್ಟು ಕೊಟ್ಟು ತರಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಅದೂ ಎಷ್ಟೋ ಜನರಿಗೆ ಸಾಲದ ದುಡ್ಡು. ಮೂರು ತಿಂಗಳ ಬೆಳೆ. ನಡುವೆ ಮೋಡ ಮುಚ್ಚಿ ಜಡಿಮಳೆ ಹಿಡಿದರೆ ನೋಡನೋಡುತ್ತಾ ಎಲೆಯೆಲ್ಲ ಕಪ್ಪಾಗುತ್ತದೆ. ಹೊಸ ತಳಿ ಕೈಕೊಟ್ಟರೆ, ಅಥವಾ ಬೆಳೆದದ್ದನ್ನು ವ್ಯಾಪಾರಿ ಮುಟ್ಟದೆ ಹೋದರೆ, ಸಾಲ ಯಾರ ಹೆಸರಲ್ಲಿರುತ್ತದೆ? ನಿಮ್ಮ ಹೆಸರಲ್ಲಂತೂ ಅಲ್ಲ, ಅಲ್ವಾ? ನೀವು ಭಯ ಅಂದಿರಿ. ನನಗೆ ಅದು ಲೆಕ್ಕ ಅಂತ ಕಾಣುತ್ತದೆ.

ಅಮೆರಿಕದ ಅಯೋವಾದಲ್ಲಿ ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ಸಮಾಜವಿಜ್ಞಾನಿಗಳು ಇದನ್ನೇ ಕೆದಕಿ ನೋಡಿ 1943ರಲ್ಲಿ ಬರೆದರು. ಹೈಬ್ರಿಡ್ ಮೆಕ್ಕೆಜೋಳದ ಇಳುವರಿ ಜಾಸ್ತಿ, ಯಾರಿಗೂ ಅನುಮಾನವಿಲ್ಲ. ಆದರೂ ರೈತರು ಸುದ್ದಿ ಕೇಳಿ ವರ್ಷಗಟ್ಟಲೆ ಕಾದರು. ಆಮೇಲೂ ಮೊದಲು ಒಂದು ತುಂಡು ನೆಲದಲ್ಲಷ್ಟೇ ಹಾಕಿದರು. ಸುದ್ದಿ ಹೆಚ್ಚಾಗಿ ತಲುಪಿದ್ದು ಬೀಜದ ಸೇಲ್ಸ್‌ಮನ್‌ಗಳಿಂದ. ಆದರೆ ನಂಬಿದ್ದು ಪಕ್ಕದ ಹೊಲದವನನ್ನು. ಕೊನೆಗೆ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಬದಲಾದರು. ಬೇಜಾರು ಮಾಡ್ಕೋಬೇಡಿ, ನಿಮ್ಮ ಅಪ್ಪನ ಕಣ್ಣಿಗೆ ನೀವು ಈಗ ಸೇಲ್ಸ್‌ಮನ್. ಹತ್ತು ಗುಂಟೆಗಾಗುವಷ್ಟು ಹಿಮಾಲಿನಿಯನ್ನು ನಿಮ್ಮ ಸಂಬಳದಲ್ಲಿ ಕೊಂಡುಕೊಡಿ. ಹೋದರೆ ನಿಮ್ಮ ದುಡ್ಡು ಹೋಗಲಿ. ಯಾವ ಮೂಲೆಯಲ್ಲಿ ಹಾಕಬೇಕು ಅನ್ನುವುದನ್ನು ಅವರೇ ಹೇಳಲಿ.

ನಿಜವಾದ ಹಠ ನೋಡಬೇಕಿದ್ದರೆ ಓದಿದವರ ಹತ್ತಿರ ಬನ್ನಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದು ಬಂದವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ವಾರ್ಡು ಅದು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಕೈ ತೊಳೆದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ನಮ್ಮ ಕೈಯೇ ಸಾವು ತಂದಿತು ಅಂತ ಒಪ್ಪಬೇಕಿತ್ತು, ಅದು ಗಂಟಲಲ್ಲಿ ಇಳಿಯಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು.

ಅಷ್ಟು ದೂರ ಯಾಕೆ, ನಮ್ಮ ಪತ್ರಿಕೆಯ ಪದಬಂಧವನ್ನು ಒಂದು ಪುಟ ಹಿಂದಕ್ಕೆ ಹಾಕಿದಾಗ ಬಂದ ಬೈಗುಳದ ಪತ್ರಗಳನ್ನು ನೀವು ನೋಡಬೇಕಿತ್ತು. ಹೆಚ್ಚಿನವರು ಮೇಷ್ಟ್ರುಗಳು, ರಿಟೈರ್ಡ್ ಅಧಿಕಾರಿಗಳು. ಒಬ್ಬ ರೈತನೂ ಬರೆಯಲಿಲ್ಲ.

ಇನ್ನು ಕಚೇರಿಗಳು. ರೈತರಿಗೆ 'ಹಳೇ ತಲೆ ಬಿಡಿ, ಡಿಜಿಟಲ್ ಆಗಿ' ಅಂತ ಉಪದೇಶ ಮಾಡುವ ಜಾಗದಲ್ಲೇ ಆನ್‌ಲೈನ್ ಅರ್ಜಿಯ ಪ್ರಿಂಟು, ಅದರ ಮೂರು ಜೆರಾಕ್ಸು, ಜೊತೆಗೆ ಸಹಿ ಕೇಳುತ್ತಾರೆ. ಯಾಕ್ರೀ ಅಂತ ಒಂದು ಕಡೆ ಕೇಳಿದೆ. "ಮೊದಲಿಂದ ಹಂಗೇ ಸಾರ್, ಫೈಲಿಗೆ ಬೇಕು" ಅಂದರು. ಅಂಥವರ ಬಗ್ಗೆ ಒಂದು ಪತ್ರ ಬರೆಯಿರಿ. ಪೂರ್ತಿ ಪುಟ ಕೊಡುತ್ತೇನೆ.

— ಸಂ.